ಸದ್ದಿಲ್ಲದ ರಸ್ಕ್

ಆ ಮನೆಯಲ್ಲಿ ಒಂದು ಘನವಾದ ಕಾನೂನು ಜಾರಿಯಲ್ಲಿತ್ತು: ಅಣ್ಣನ ಕಿವಿಗೆ ಬೀಳುವಂತೆ ಯಾರೂ ರಸ್ಕ್ ಅಗಿಯಕೂಡದು. ಕಾನೂನು ತಂದವಳು ಅತ್ತಿಗೆ, ಅನುಮೋದಿಸಿದವಳು ತಂಗಿ. ವಿರೋಧ ಪಕ್ಷ ಇರಲಿಲ್ಲ. ಕ್ಯಾನ್ಸರ್ ಬಂದು ಅಣ್ಣನ ಜಠರವನ್ನು ಪೂರ್ತಿ ತೆಗೆದುಹಾಕಿದ ಮೇಲೆ ಅವನು ಬಾಗಿಲು ಹಾಕಿಕೊಂಡು, ಬೇಯಿಸಿ ನುಣ್ಣಗೆ ಕಿವುಚಿದ್ದನ್ನು ಒಂದೊಂದೇ ಚಮಚ ನುಂಗುತ್ತಿದ್ದ. ಉಳಿದಿಬ್ಬರು ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದರು. ಅಗಿಯುವ ಸದ್ದು ಮುಚ್ಚಲು ನಲ್ಲಿ ತಿರುಗಿಸಿಕೊಂಡು.

ರೇಡಿಯೊಗೂ ಅದೇ ಗತಿಯಾಗಿತ್ತು; ಅದೂ ಅಣ್ಣನ ಕಿವಿಗೆ ಬೀಳಕೂಡದು. ಕುದುರೆ ಪಂದ್ಯಗಳ ವಿವರಣೆ ಕೊಡುವುದೇ ಅಣ್ಣನ ವೃತ್ತಿ; ಅವನ ದನಿ ಕೇಳಿ ಗೋಡೆಗಡಿಯಾರವೂ ಓಡುತ್ತಿತ್ತು ಎಂದು ಜನ ಹೇಳುತ್ತಿದ್ದರು. ಈಗ ಆ ದನಿಯೇ ಇರಲಿಲ್ಲ. ಯಾವಾಗ ಮೈಕಿನ ಮುಂದೆ ಬರುತ್ತೀರಿ ಎಂದು ರೇಡಿಯೊದವರು ಕೇಳಿದಾಗ ಅವನು ಆಗುವುದಿಲ್ಲವೆಂದು ತಲೆಯಾಡಿಸಿದ್ದ, ಅದೂ ಫೋನಿನಲ್ಲಿ. ಡಾಕ್ಟರು ಖಿನ್ನತೆ ಎಂದು ಮಾತ್ರೆ ಬರೆದಿದ್ದರು. "ಆಸ್ಪತ್ರೆಯಿಂದ ಬಂದ್ರು, ಮನೆಗೆ ಇನ್ನೂ ಬಂದಿಲ್ಲ," ಎಂದು ಅತ್ತಿಗೆ ಒಮ್ಮೆ ಪಾತ್ರೆ ಉಜ್ಜುತ್ತಾ ಹೇಳಿದ್ದಳು.

ತಂಗಿ ಸಂಶೋಧನಾ ವಿದ್ಯಾರ್ಥಿನಿ. ಏನು ಓದುತ್ತಿದ್ದೀಯ ಎಂದರೆ "ಏನೋ ಲೈಬ್ರರಿ ಲೆಕ್ಕ" ಎಂದು ಜಾರಿಕೊಳ್ಳುತ್ತಿದ್ದಳು. ಆ ಸಂಜೆ ತನ್ನ ಕೋಣೆಯಲ್ಲಿ ಕೂತಿದ್ದಳು; ಬಲಗೈಯಲ್ಲಿ ಮೌಸು, ಎಡಗೈಯಲ್ಲಿ ಚಹಾದಲ್ಲಿ ನೆನೆಸಿ ಚೀಪಲೆಂದು ತಂದ ರಸ್ಕು. ವಾರಗಟ್ಟಲೆ ಮೊಂಡು ಹಿಡಿದಿದ್ದ ಕಂಪ್ಯೂಟರು ಇದ್ದಕ್ಕಿದ್ದಂತೆ ಮಾತು ಕೇಳಿತು. ಪರದೆಯ ಮೇಲೆ ಬಣ್ಣದ ಪಟ್ಟಿಗಳು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಒಂದನ್ನೊಂದು ದಾಟತೊಡಗಿದವು. ಅವಳು ಮೈಮರೆತು ಕೂಗಿದಳು: "ಹಿಂದೆ ಹಾಕ್ತು, ಹಿಂದೆ ಹಾಕ್ತು!"

ಬಾಗಿಲು ತೆರೆಯಿತು. "ಯಾವುದು, ಯಾವುದನ್ನ?" ಎಂದ ಅಣ್ಣ.

ರಸ್ಕು ಬೆನ್ನ ಹಿಂದೆ ಹೋಯಿತು. ಪರದೆಯನ್ನು ಬಚ್ಚಿಡಲು ಇನ್ನೊಂದು ಬೆನ್ನು ಇರಲಿಲ್ಲ. ಅಣ್ಣ ತಲೆಬರಹ ಓದಿದ: ಜೀರ್ಣಾಂಗ ಕ್ಯಾನ್ಸರ್ ಇರುವವರಲ್ಲಿ ಖಿನ್ನತೆ, ಸಂಶೋಧನೆ ಸಾಗಿದ ದಾರಿ.

"ಅಂದ್ರೆ ನಾನು."

"ನೀನೊಬ್ನೇ ಏನಲ್ಲ," ಎಂದಳು ತಂಗಿ. ಹಾಗೆಂದದ್ದು ಸಮಾಧಾನವೋ ಅವಮಾನವೋ ಅವಳಿಗೇ ತಿಳಿಯಲಿಲ್ಲ. "ಒಂದೊಂದು ಪಟ್ಟಿ ಒಂದೊಂದು ವಿಷಯ. ಪ್ರಪಂಚದಲ್ಲಿ ಅದರ ಮೇಲೆ ಎಷ್ಟು ಬರೆದ್ರೋ ಅಷ್ಟು ಉದ್ದ."

ಅಣ್ಣ ಸ್ವಲ್ಪ ಹೊತ್ತು ನೋಡಿದ. "ಮೊದಲಿಂದ ಬಿಡು."

ಬಿಟ್ಟಳು. ಅವನು ಮೊದಲು ಕೈಕಟ್ಟಿ ನಿಂತಿದ್ದ. ಆಮೇಲೆ ಬಗ್ಗಿದ. ಆಮೇಲೆ ಮೇಜಿನ ಮೇಲಿದ್ದ ಸ್ಟೇಪ್ಲರ್ ಅವನ ಬಾಯಿಯ ಹತ್ತಿರ ಹೇಗೆ ಬಂತೋ.

"ಹೊರಟವು. ಶುರುವಿಗೇ ಕೆಂಪು, 'ಎಷ್ಟು ವರ್ಷ ಬದುಕುತ್ತಾರೆ', ಅಕ್ಕಪಕ್ಕ ನೋಡದೆ ಹೋಗ್ತಿದೆ. ನೀಲಿ, 'ಬದುಕಿನ ಗುಣಮಟ್ಟ', ಇನ್ನೂ ಆಕಳಿಸ್ತಾ ಇದೆ. ಮಧ್ಯದಲ್ಲಿ 'ಆತಂಕ', ಅದು ನಿಂತಲ್ಲಿ ನಿಲ್ಲೋ ಜಾತಿಯಲ್ಲ. ಅರೆ, ನೀಲಿ ಎದ್ದಿತು, ನೀಲಿ ಬಂತು, ಕೊರಳಿಗೆ ಕೊರಳು, ಕೆಂಪು ಬೆವರ್ತಾ ಇದೆ, ದಾಟಿತು, ನೀಲಿ ದಾಟಿತು! ಇದ್ಯಾವುದಪ್ಪಾ ಹಸಿರು, ಕಟ್ಟಕಡೆಯಿಂದ, 'ಕರುಳಿನ ಸೂಕ್ಷ್ಮಜೀವಿ', ಇಷ್ಟು ವರ್ಷ ಲಾಯದಲ್ಲಿ ಬಿದ್ದಿದ್ದ ಪ್ರಾಣಿ, ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಬರ್ತಿದೆ ನೋಡಿ..."

ಅಡುಗೆಮನೆಯಿಂದ ಅತ್ತಿಗೆಯ ದನಿ ಬಂತು: "ಆ ರೇಡಿಯೊ ಸಣ್ಣ ಮಾಡೇ, ಅವರಿಗೆ ಕೇಳಿಸುತ್ತೆ."

ಯಾರೂ ಸಣ್ಣ ಮಾಡಲಿಲ್ಲ. ನಲ್ಲಿ ನಿಂತಿತು. ಅತ್ತಿಗೆ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದಳು.

"ಇದಕ್ಕೆ ಸಣ್ಣ ಮಾಡೋ ತಿರುಗಣಿ ಇಲ್ಲ ಕಣೇ," ಎಂದ ಅಣ್ಣ, ಏದುಸಿರಿನಲ್ಲಿ. ಮಂಚದ ಅಂಚಿಗೆ ಕುಳಿತ. "ಪಂದ್ಯವೇನೋ ಜೋರಾಗಿದೆ. ನನ್ನ ಕುದುರೆ ಮಾತ್ರ ಕಾಣಲಿಲ್ಲ."

"ಯಾವುದು ನಿನ್ನ ಕುದುರೆ?" ಎಂದಳು ತಂಗಿ.

"ಒಬ್ಬನೇ ಕೂತು ತಿನ್ನೋದು."

ತಂಗಿ ಪರದೆಯನ್ನು ಮೇಲೆ ಕೆಳಗೆ ಮಾಡಿ ಹುಡುಕಿದಳು. "ಬರೆದವರು ಇದಾರೆ. ಆದ್ರೆ ಪರದೆ ಮೇಲೆ ಬರೋಷ್ಟಿಲ್ಲ."

"ಕುಂಟ್ತಾ ಇರಬೇಕು. ಬರುತ್ತೆ ಬಿಡು. ಬೆನ್ನ ಹಿಂದೆ ಇರೋದನ್ನ ಈ ಕಡೆ ಕೊಡು."

ತಂಗಿ ಅತ್ತಿಗೆಯ ಮುಖ ನೋಡಿದಳು. ಕಾನೂನು ತಂದವಳಿಗೂ ಇದಕ್ಕೆ ಯಾವ ಕಲಂ ಅನ್ವಯಿಸುತ್ತದೆಂದು ಹೊಳೆಯಲಿಲ್ಲ. "ನಿಮ್ಮ ಎದುರಿಗೆ ತಿಂದ್ರೆ ನಿಮಗೆ ಸಂಕಟ ಆಗುತ್ತೆ ಅಂತ..." ಎಂದಳು ಅತ್ತಿಗೆ.

"ಹೊಟ್ಟೆ ತೆಗೆದ್ರು, ಕಿವಿ ತೆಗೀಲಿಲ್ಲ," ಎಂದ ಅಣ್ಣ. "ದಿನಾ ನಲ್ಲಿ ಸದ್ದು. ನಾನು ತಿನ್ನೋದು ನಿಮಗೆ ನೋಡೋಕಾಗಲ್ಲ, ನಾನು ನುಂಗೋ ಸದ್ದೂ ಕೇಳಬಾರದು ಅಂತ ಈ ಗಲಾಟೆ ಅಂದ್ಕೊಂಡಿದ್ದೆ. ನಿಮಗ್ಯಾಕೆ ಹೇಸಿಗೆ ಅಂತ ನಾನೂ ಚಿಲಕ ಹಾಕ್ಕೊಂಡೆ."

ಅತ್ತಿಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಳಗೆ ಹೋಗಿ, ತಟ್ಟೆ ತಂದು ಅವನ ಪಕ್ಕದಲ್ಲೇ ಕುಳಿತಳು.

ಆ ಸಂಜೆ ಅಣ್ಣ ಅರ್ಧ ರಸ್ಕನ್ನು ಚಹಾದಲ್ಲಿ ನೆನೆಸಿ ತಿಂದ. ಉಳಿದರ್ಧವನ್ನು ಅತ್ತಿಗೆ ಅವನ ಎದುರಿಗೇ ಕಟಕಟ ಅಗಿದು ತಿಂದಳು.