ಪೆರೊ ಬಿಟ್ಟು ಬರಲಿಲ್ಲ

ಕಾಲುಬಾಯಿ ಬೇನೆ ಬಂದದ್ದು ಪಕ್ಕದವರ ಮಂದೆಗೆ. ಅದು ಹರಡದಿರಲೆಂದು ಸರ್ಕಾರದ ಆಜ್ಞೆಯಂತೆ ಕೊಲ್ಲಬೇಕಾದದ್ದು ಮೆರೆರಿದಳ ಕುರಿಗಳನ್ನೂ. ಬಂದೂಕಿನವರು ಕೊಟ್ಟಿಗೆಯ ಹಿಂದೆ ಕಾಯುತ್ತಿದ್ದರು. ಅವಳು ಶಿಳ್ಳೆ ಹಾಕಿದಳು. ನಾಯಿ ಪೆರೊ ಗುಡ್ಡದ ಮಂದೆಯನ್ನೆಲ್ಲ ಇಳಿಸಿ ದೊಡ್ಡಿಗೆ ತುಂಬಿತು.

"ಎಲ್ಲಾ ಬಂದ್ವಾ, ಚಿಕ್ಕಮ್ಮ?" ಊರಿನವನೇ ಆದ ಪಶುವೈದ್ಯ ಇದ್ವಲ್ ಮುಖ ನೋಡದೆ ಕೇಳಿದ.

ತೀರಿಹೋದ ಗಂಡ ಬಾಟಲಿ ಹಾಲು ಕುಡಿಸಿ ಸಾಕಿದ್ದ ಕುಂಟು ಕುರಿ ಜರೀಗಿಡಗಳ ಮರೆಯಲ್ಲಿ ಉಳಿದದ್ದು ಅವಳಿಗೆ ಕಂಡಿತ್ತು. "ಹೂಂ ಕಣಪ್ಪಾ, ಅಷ್ಟೇ. ಗೇಟು ಹಾಕು."

ಪೆರೊ ಒಪ್ಪಲಿಲ್ಲ, ಮತ್ತೆ ಗುಡ್ಡಕ್ಕೆ ಓಡಿತು. ಒಂದನ್ನೂ ಬಿಟ್ಟು ಬರಬಾರದೆಂದು ಅದಕ್ಕೆ ಕಲಿಸಿದವಳು ಅವಳೇ. ವಾಪಸು ಕರೆಯುವ ಶಿಳ್ಳೆ ಇದ್ವಲನಿಗೂ ಗೊತ್ತು. ಹಾಕಿದರೆ ಗುಟ್ಟು ರಟ್ಟಾಗುತ್ತದೆ. ಅವಳು ತುಟಿ ಕಚ್ಚಿ ನಿಂತಳು.

ಕುಂಟು ಕುರಿಯನ್ನು ಅವಸರ ಮಾಡದೆ, ಮೆಲ್ಲಗೆ ನಡೆಸಿಕೊಂಡು ಬಂದು ದೊಡ್ಡಿಗೆ ಸೇರಿಸಿದ ಪೆರೊ, ಅವಳ ಕಾಲಬಳಿ ಕೂತು ಮುಖ ನೋಡುತ್ತ ಬಾಲ ಆಡಿಸಿತು.

"ಜಾಣ ಕಣೋ ನೀನು," ಎಂದಳು ಮೆರೆರಿದ್.