ಬಾಗಿದ ನಳಿಗೆ

ಅಕ್ಕಲಕೋಟೆಯ ಬಸ್ಸಿನಿಂದ ಹಿರೋಳ್ಳಿಯಲ್ಲಿ ಇಳಿದ ಪ್ರಮಿಲಾ, ದಶರಥನ ಹೊಲ ಎಲ್ಲಿ ಎಂದು ಕೇಳಿಕೊಂಡು ಬರುವಷ್ಟರಲ್ಲಿ ಬಿಸಿಲು ಏರಿತ್ತು. ಕಣದಲ್ಲಿ ತೊಗರಿ ಬಡಿಯುತ್ತಿದ್ದ ದಶರಥ ಅವಳನ್ನು ಕಂಡು ಬಡಿಗೆ ಕೆಳಗಿಟ್ಟ. ಪುಣೆಯ ಒಂದು ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವವನು ಅವನು. ರಜೆ ಹಾಕಿ ರಾಶಿಗೆಂದು ಊರಿಗೆ ಬಂದು ನಾಲ್ಕು ದಿನವಾಗಿತ್ತು. ಅದೇ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಈ ಹುಡುಗಿ ತನ್ನನ್ನು ಹುಡುಕಿಕೊಂಡು ಇಲ್ಲಿತನಕ ಬಂದಿದ್ದಾಳೆಂದರೆ ಯಂತ್ರ ಕೆಟ್ಟಿರಬೇಕು ಅಂದುಕೊಂಡ.

ಯಂತ್ರಕ್ಕೆ ಏನೂ ಆಗಿರಲಿಲ್ಲ. ಪ್ರಮಿಲಾ ಚೀಲದಿಂದ ಎರಡು ಫೋಟೋ ತೆಗೆದಳು. ಎರಡೂ ಅವನೇ ತೆಗೆದವು. ಒಂದರಲ್ಲಿ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದಾದ ಇಂಗಾಲದ ನಳಿಗೆ. ಪದರಗಳೆಲ್ಲ ಗೆರೆ ಎಳೆದಂತೆ ನೆಟ್ಟಗಿದ್ದವು. ಇನ್ನೊಂದು ಕುಲುಮೆಯಲ್ಲಿ ಕಾಯಿಸಿದ ನಳಿಗೆಯದು. ಪದರಗಳು ಬಾಗಿ, ಒಡೆದು, ಒಂದಕ್ಕೊಂದು ಅಂಟಿಕೊಂಡಿದ್ದವು. ಕಾವಿಗೆ ನಳಿಗೆಯ ರಚನೆ ಹೀಗೆ ಬದಲಾಗುತ್ತದೆ ಎಂದು, ಮೂರು ವರ್ಷದ ಕೆಲಸದ ಕೊನೆಗೆ, ಅವಳು ಒಂದು ವಿಜ್ಞಾನ ಪತ್ರಿಕೆಗೆ ಲೇಖನ ಬರೆದು ಕಳಿಸಿದ್ದಳು.

ಪತ್ರಿಕೆಯವರು ಒಂದು ಪ್ರಶ್ನೆ ಕೇಳಿದ್ದರು. ಇದು ಕಾವಿನಿಂದ ಆದದ್ದೋ, ನೋಡುವಾಗ ಬಿದ್ದ ಎಲೆಕ್ಟ್ರಾನ್ ಕಿರಣದಿಂದಲೇ ಆದದ್ದೋ? ಫೋಟೋ ತೆಗೆಯುವ ಮುಂಚೆ ಕಿರಣ ಎಷ್ಟು ಹೊತ್ತು ಬಿದ್ದಿತ್ತು? ಸೋಮವಾರದೊಳಗೆ ಉತ್ತರ ಫ್ಯಾಕ್ಸ್ ಆಗಬೇಕಿತ್ತು. ಲಾಗ್ ಪುಸ್ತಕದಲ್ಲಿ ಫಿಲ್ಮಿನ ನಂಬರು ಬಿಟ್ಟರೆ ಏನೂ ಇರಲಿಲ್ಲ. ಫೋಟೋ ತೆಗೆದ ದಿನ ಪ್ರಮಿಲಾ ತಂಗಿಯ ಬಾಣಂತನಕ್ಕೆಂದು ಅಫಜಲಪುರದ ಮನೆಯಲ್ಲಿದ್ದಳು. ಒಂದೆರಡು ನಿಮಿಷದ ಕಿರಣಕ್ಕೆ ಏನೂ ಕೆಡುವುದಿಲ್ಲ, ಅಷ್ಟೇ ಅಂತ ಬರೆದು ಮುಗಿಸು ಎಂದು ಗೈಡ್ ಹೇಳಿದ್ದರು. ಅವಳಿಗೆ ಆವತ್ತಿನಿಂದ ಊಟ ಸೇರುತ್ತಿರಲಿಲ್ಲ.

ಪತ್ರಿಕೆಯವರ ಪ್ರಶ್ನೆ ಕೇಳಿಸಿಕೊಂಡ ದಶರಥ ಬಾಗಿದ ನಳಿಗೆಯ ಫೋಟೋವನ್ನು ಅಂಚು ಹಿಡಿದು ನೋಡುತ್ತ ನಿಂತ. ಅವನ ಹೆಂಡತಿ ಸುಭದ್ರಾಬಾಯಿ ಚರಿಗೆಯಲ್ಲಿ ಮಜ್ಜಿಗೆ ತಂದು, ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಗಂಡನನ್ನು ಗದರಿ, ಬೇವಿನ ನೆರಳಿಗೆ ಗೋಣಿಚೀಲ ಹಾಸಿದಳು. ಪ್ರಮಿಲಾ ಕೂರಲೂ ಇಲ್ಲ, ಮಜ್ಜಿಗೆ ಮುಟ್ಟಲೂ ಇಲ್ಲ.

"ಎರಡು ನಿಮಿಷ ಆಗಿರಬಹುದೇನ್ರಿ, ದಶರಥಣ್ಣ?"

"ಹತ್ತರ ಮ್ಯಾಗ ಆಗಿತ್ರಿ ಮೇಡಂ," ಅಂದ ಅವನು. "ಮೊದಲ ನೆಟ್ಟಗೇ ಇತ್ತು. ಕುಲುಮ್ಯಾಗಿಂದ ಬಂದದ್ದು ಹಂಗೇ ಬಂದಿತ್ತು. ನಾ ನೋಡ್ಕೋತ ಕುಂತಾಗ, ನನ್ನ ಕಣ್ಣ ಮುಂದ, ಸಾವಕಾಶ ಬಾಗಾಕತ್ತಿತು. ಹನ್ನೆರಡು ವರ್ಷದಾಗ ಅಂಥಾದ್ದು ಕಂಡಿರಲಿಲ್ರಿ. ಕಿರಣ ಬಂದ್ ಮಾಡಬೇಕಂತ ಗೊತ್ತಿತ್ತು. ಕಣ್ಣು ತೆಗೀಲಾಕ ಆಗ್ಲಿಲ್ಲ."

ಮಾದರಿ ಕೆಡಿಸಿದ ಅಂತ ತನ್ನ ಮೇಲೆ ಬಂದೀತೆಂದು ಹೆದರಿ ಸುಮ್ಮನಿದ್ದೆ ಎಂದ. ಆಮೇಲೆ ಎಲ್ಲರೂ ಆ ಫೋಟೋವನ್ನು ಹೊಗಳಿದರು. ತೆಗೆಯುವಾಗ ಏನು ಕಂಡೆ ಎಂದು ಒಬ್ಬರೂ ಕೇಳಲಿಲ್ಲ. ಅವಳ ಮುಖ ನೋಡಲಾರದೆ, ಎರಡೇ ನಿಮಿಷ ಅಂತ ಬರೆಯಿರಿ, ಬೇಕಾದರೆ ಕೆಳಗೆ ನಾನು ಸಹಿ ಹಾಕುತ್ತೇನೆ, ಯಾರು ಕೇಳುತ್ತಾರೆ ಅಂದ.

ಆ ಮಾತಿಗಾಗಿಯೇ ಅವಳು ಮುನ್ನೂರು ಕಿಲೋಮೀಟರ್ ಬಂದಿದ್ದಳು. ಕಣದ ಸುತ್ತ ಒಮ್ಮೆ ನಡೆದಳು, ಮತ್ತೊಮ್ಮೆ ನಡೆದಳು. ತೊಗರಿಯ ಹೊಟ್ಟು ಸೀರೆಯ ನೆರಿಗೆಗೆಲ್ಲ ಹತ್ತಿತು. ಆಳಂದದಿಂದ ಅಕ್ಕಲಕೋಟೆಗೆ ವಾಪಸ್ ಹೋಗುವ ಬಸ್ಸು ಬಂದು, ಹಾರ್ನ್ ಹೊಡೆದು, ಹೋಯಿತು. ಆಮೇಲೆ ಗೋಣಿಚೀಲದ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಹತ್ತು ನಿಮಿಷಕ್ಕಿಂತ ಹೆಚ್ಚು ಎಂದು ಬರೆದಳು. ನಳಿಗೆ ಮೊದಲು ನೆಟ್ಟಗಿತ್ತೆಂದೂ, ಬಾಗಿದ್ದನ್ನು ಕಣ್ಣಾರೆ ಕಂಡವನು ಯಂತ್ರ ನಡೆಸುವ ದಶರಥ ಎಂದೂ ಬರೆದು, ಸಹಿಗೆಂದು ಅವನ ಮುಂದೆ ಹಿಡಿದಳು.

ದಶರಥ ಕೈಯ ಧೂಳನ್ನು ಧೋತರಕ್ಕೆ ಒರೆಸಿಕೊಂಡ. "ನಿಮ್ಮ ಮೂರು ವರ್ಷ ಹೋಗ್ತದಲ್ರಿ?"

"ಹೋಗ್ತದ್ರಿ," ಅಂದಳು ಪ್ರಮಿಲಾ.

ಲೇಖನ ಅಚ್ಚಾಗದೇ ಹೋಯಿತು. ಗೈಡ್ ತಿಂಗಳಾನುಗಟ್ಟಲೆ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಮರುವರ್ಷ, ತೊಂಬತ್ತಾರರ ಮಾರ್ಚಿನಲ್ಲಿ, ಅವಳು ಕುಲುಮೆಯನ್ನೇ ಕಾಣದ ಹೊಸ ನಳಿಗೆಯನ್ನು ಯಂತ್ರಕ್ಕೆ ಹಾಕಿಸಿದಳು. ದೀಪ ಆರಿಸಿದ ಕೋಣೆಯಲ್ಲಿ ಹಸಿರು ಪರದೆಯ ಮುಂದೆ ದಶರಥ ಕೂತ, ಪಕ್ಕದಲ್ಲಿ ಕೈಗಡಿಯಾರ ಹಿಡಿದು ಅವಳು. ಏಳನೆಯ ನಿಮಿಷಕ್ಕೆ, ಕಾವು ತಗುಲದೆಯೇ, ಪದರಗಳು ಬಾಗತೊಡಗಿದವು. ದಶರಥ ಕಿರಣ ನಿಲ್ಲಿಸಿ ಪರದೆಯಿಂದ ಹಿಂದೆ ಸರಿದ.

ಪ್ರಮಿಲಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಬ್ಯಾರೆ ನಳಿಗಿ ಹುಡುಕ್ರಿ, ಅದೂ ಏಳಕ್ಕ ಬಾಗ್ತದೇನು ನೋಡೋಣ್ರಿ," ಅಂದಳು.