ಹೇಮಶ್ರೀ ಹೋದ ಮೇಲೆ

ಯೋಗೇಂದ್ರ ಮೆಟ್ಟಿಲು ಹತ್ತುವ ಸದ್ದು ಕೇಳುತ್ತಲೇ ತೇಜಸ್ವಿನಿ ತನ್ನ ಫೋನನ್ನು ದಿಂಬಿನ ಕೆಳಗೆ ತಳ್ಳಿದಳು. ಮರುಕ್ಷಣವೇ ನಾಚಿಕೆಯಾಗಿ ಹೊರಗೆ ತೆಗೆದಳು. ಬರುತ್ತಿದ್ದವನು ಕಳ್ಳನಲ್ಲ, ಅಕ್ಕನ ಗಂಡ.

ಅಕ್ಕನೆಂದರೆ ದೊಡ್ಡಮ್ಮ ಮಂಜುಳಮ್ಮನ ಮಗಳು ಹೇಮಶ್ರೀ. ಅವಳು ಹೋದ ಮೇಲೆ ದೊಡ್ಡಮ್ಮ ನೆಂಟರಿಗೆಲ್ಲ ಒಂದೇ ಮಾತು ಹೇಳಿಟ್ಟಿದ್ದರು: ಯೋಗೇಂದ್ರ ಬಂದು ಕೇಳಿದರೆ ಒಂದು ಫೋಟೊವನ್ನೂ ಕೊಡಬೇಡಿ. ಯಾಕೆಂದು ಕೇಳಿದರೆ ಫೋನ್ ಇಟ್ಟುಬಿಡುತ್ತಿದ್ದರು. ಹೆತ್ತವಳ ಸಂಕಟ ಯಾರ ಮೇಲಾದರೂ ತಿರುಗಲೇಬೇಕಲ್ಲ, ಅಳಿಯನ ಮೇಲೆ ತಿರುಗಿದೆ ಎಂದುಕೊಂಡಿದ್ದಳು ತೇಜಸ್ವಿನಿ.

ಯೋಗೇಂದ್ರ ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಹಿಂದೆಯೇ ಹಾರ್ಡ್‌ಡಿಸ್ಕ್, ಒಂದು ಹಿಡಿ ಕೇಬಲ್. ಅಗ್ರಹಾರದ ಮೂಲೆಯಲ್ಲಿ ಅವನದು ಕನ್ನಡಕದ ಅಂಗಡಿ. ಅಚ್ಚುಕಟ್ಟಿನ ಮನುಷ್ಯ. ಈಗ ಗಡ್ಡ ಬೆಳೆದಿತ್ತು, ಕಾಲರ್ ಮಾಸಿತ್ತು.

“ವರ್ಷ ತುಂಬೋದ್ರೊಳಗೆ ಎಲ್ಲಾ ಒಂದು ಕಡೆ ಸೇರಿಸ್ಬೇಕು ಕಣಮ್ಮ,” ಎಂದ. “ಒಂದು ಆಲ್ಬಮ್ ಮಾಡಿಸೋಣಾಂತ. ಅವಳ ಫೋಟೊಗಳು ಊರೆಲ್ಲ ಚೆಲ್ಲಿಹೋಗಿವೆ.”

“ದೊಡ್ಡಮ್ಮ ಬೇಡ ಅಂದಿದ್ದಾರೆ ಭಾವ.”

“ಗೊತ್ತು. ಅವರಿಗೆ ನನ್ನ ಮುಖ ಕಂಡ್ರೇ ಆಗಲ್ಲ.” ಅವನು ಕೇಬಲ್ಲಿನ ಗಂಟು ಬಿಡಿಸುತ್ತಾ ತಲೆ ತಗ್ಗಿಸಿದ. “ಹೆಂಡ್ತಿ, ಮಗು, ಇಬ್ಬರೂ ಒಂದೇ ದಿನ... ಮನೆಗೆ ಬಂದ್ರೆ ಗೋಡೆ ಬಿಟ್ರೆ ಏನಿಲ್ಲ, ತೇಜು.”

ಅವಳು ಫೋನ್ ಕೊಟ್ಟಳು.

ಪರದೆಯ ಮೇಲೆ ಹಳದಿ ಫೋಲ್ಡರುಗಳ ಸಾಲು ತೆರೆದುಕೊಂಡಿತು. ಮಂಡಿ ಮೊಹಲ್ಲಾದ ಮಾವನ ಫೋನಿಗೊಂದು, ಹೇಮಶ್ರೀಯ ಗೆಳತಿ ಸಂಘಮಿತ್ರಳ ಟ್ಯಾಬಿಗೊಂದು, ಮನೆಯ ಹಳೇ ಕಂಪ್ಯೂಟರಿಗೊಂದು. ಪ್ರತಿಯೊಂದರಲ್ಲೂ ಹೊಸ ಚಿತ್ರ ಮೇಲೆ, ಹಳೆಯದು ಕೆಳಗೆ.

“ವರ್ಷದ ಪ್ರಕಾರ ಇಟ್ರೆ ಸುಲಭ ಅಲ್ವಾ? ಮದುವೆ, ಸೀಮಂತ, ಮಗು ನಾಮಕರಣ, ಹಂಗೆ?”

“ಯಾರ ಫೋನಿಂದ ಬಂತು ಅನ್ನೋದು ಗೊತ್ತಾಗ್ಬೇಕು,” ಎಂದ ಯೋಗೇಂದ್ರ.

ಇಬ್ಬರೂ ಕುಳಿತು ಒಂದೊಂದೇ ನೋಡಿದರು. ಮದುವೆಯ ಹೇಮಶ್ರೀ ಹಲ್ಲು ಬಿಟ್ಟು ನಗುತ್ತಿದ್ದಳು. ಬರಬರುತ್ತಾ ಅವಳು ಚಿತ್ರಗಳ ಅಂಚಿಗೆ ಸರಿದಿದ್ದಳು. ಕೆಲವು ಕಡೆ ಮುಖ ಅತ್ತ ತಿರುಗಿತ್ತು. ಬೆಟ್ಟದ ಮೇಲೆ, ಸುಡುಬಿಸಿಲಿನಲ್ಲಿ, ಮಣಿಕಟ್ಟಿನವರೆಗೂ ತೋಳಿದ್ದ ರವಿಕೆ.

“ಯಾಕೆ ಹಿಂಗೆ ನಿಂತಿದ್ದಾಳೆ ಅಕ್ಕ?”

“ಕ್ಯಾಮೆರಾ ಅಂದ್ರೆ ಆಗ್ತಿರ್ಲಿಲ್ಲ ಅವಳಿಗೆ.”

ಅವನು ಚಿತ್ರಗಳನ್ನು ದೊಡ್ಡದು ಮಾಡುತ್ತಿದ್ದ. ಆದರೆ ಹೆಂಡತಿಯ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಪಕ್ಕದ ಕಿಟಕಿಗೆ, ಹಿಂದಿನ ಗೋಡೆಗೆ, ದೂರದ ಬೀದಿಗೆ ಜಾರುತ್ತಿದ್ದ. ನೋಡಲಾರದೆ ಜಾರುತ್ತಿದ್ದಾನೆ ಎನಿಸಿ ತೇಜಸ್ವಿನಿಯ ಕಣ್ಣು ತುಂಬಿತು. ಅವಳ ಫೋನಿನಲ್ಲಿ ಇದ್ದವೆಲ್ಲ ಹಳೆಯವೇ. ಅವನು ಲ್ಯಾಪ್‌ಟಾಪ್ ಮುಚ್ಚಿ, ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ.

ಒಳಕೋಣೆಯಿಂದ ಅಜ್ಜಿ ತಿಮ್ಮಮ್ಮ ಗೋಡೆ ಹಿಡಿದುಕೊಂಡು ಬಂದರು. ಮಂಜುಳಮ್ಮನ ತಾಯಿ. ಅವರ ಮೂಗಿನ ಮೇಲಿದ್ದ ಕನ್ನಡಕ ಯೋಗೇಂದ್ರನೇ ಮಾಡಿಸಿಕೊಟ್ಟದ್ದು.

“ಎಷ್ಟು ಸೊರಗ್ಬುಟ್ಟಿದ್ದೀಯಪ್ಪ,” ಎಂದು ಅವನ ಕೆನ್ನೆ ಸವರಿದರು. “ಹೋದೋಳು ಹೋದ್ಲು. ನೀನಾದ್ರೂ ಒಟ್ಟೆ ತುಂಬ ಉಣ್ಣು.”

ಯೋಗೇಂದ್ರ ಅತ್ತ. ಭುಜ ಅಲುಗುವಂತೆ ಅತ್ತ.

ಅಜ್ಜಿ ಸೆರಗಿನಿಂದ ಅವನ ಕಣ್ಣೊರೆಸಿದರು. ಆಮೇಲೆ ಸೊಂಟದ ಚೀಲದಿಂದ ತಮ್ಮ ಫೋನ್ ತೆಗೆದರು.

“ಮಂಜುಳ ಯಾರ್ಗೂ ತೋರಿಸ್ಬೇಡ ಅಂದವ್ಳೆ. ಆದ್ರೆ ನೀನು ತಂದೆ ಕಣಪ್ಪ. ಮಗು ಮೊಕ ನೋಡ್ಬೇಕು ಅಂತ ನಿಂಗೂ ಇರಲ್ವಾ?”

ತೇಜಸ್ವಿನಿಯೇ ಕೇಬಲ್ ಸಿಕ್ಕಿಸಿದಳು. ಹೊಸ ಫೋಲ್ಡರಿಗೆ ‘ಅಜ್ಜಿ’ ಎಂದು ಅವಳೇ ಹೆಸರು ಕೊಟ್ಟಳು.

ಅದರಲ್ಲಿ ಪುಟ್ಟ ತನುಶ್ರೀಯ ಚಿತ್ರಗಳಷ್ಟೇ ಇದ್ದವು. ಎಲ್ಲಕ್ಕಿಂತ ಮೇಲಿನದರಲ್ಲಿ ಮಗು ಒಂದು ಹೊಸ್ತಿಲ ಮೇಲೆ ಕುಳಿತು ನಗುತ್ತಿತ್ತು. ಮುಂದಿನ ಹಾಲುಹಲ್ಲುಗಳು ಉದುರಿದ್ದವು. ಯೋಗೇಂದ್ರನ ಬೆರಳು ಆ ಖಾಲಿ ಜಾಗದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಚಿತ್ರ ದೊಡ್ಡದಾಯಿತು. ಅವನ ಕಣ್ಣು ಮಗುವಿನ ಭುಜ ದಾಟಿ, ಬೀದಿ ದಾಟಿ, ಎದುರಿನ ಹಿಟ್ಟಿನ ಗಿರಣಿಯ ಬೋರ್ಡಿನ ಮೇಲೆ ನಿಂತಿತು.

“ಸಿಕ್ತು,” ಎಂದ.

“ಆಲ್ಬಮ್ಮಿಗೆ ಇದೇ ಚೆನ್ನಾಗಿದೆ,” ಎಂದಳು ತೇಜಸ್ವಿನಿ.

ಅವನು ಅಜ್ಜಿಯ ಕಾಲಿಗೆ ನಮಸ್ಕರಿಸಿ ಹೊರಟ. ಬಹಳ ದಿನಗಳ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದೆ ಎನಿಸಿತು ಅವಳಿಗೆ.

ಮರುದಿನ ಮಧ್ಯಾಹ್ನ ತಡೆಯಲಾರದೆ ದೊಡ್ಡಮ್ಮನಿಗೆ ಫೋನ್ ಮಾಡಿದಳು. ಬೈಸಿಕೊಳ್ಳಲು ಸಿದ್ಧವಾಗಿಯೇ ಇದ್ದಳು. “ಪಾಪ, ಅತ್ತುಬಿಟ್ರು ದೊಡ್ಡಮ್ಮ. ಅಜ್ಜಿ ಫೋನಿನಲ್ಲಿದ್ದದ್ದೂ ಕೊಟ್ವಿ.”

ಮಂಜುಳಮ್ಮ ಬೈಯಲಿಲ್ಲ.

“ಹೊಸ್ತಿಲ ಮೇಲೆ ಕೂತಿರೋದು... ಅದೂನಾ?”

“ಹೂಂ. ಅದೇ ಇಷ್ಟವಾಯ್ತು ಅವರಿಗೆ.”

“ಅಯ್ಯೋ, ಏನ್ ಮಾಡ್ಬುಟ್ಟೆ ಕಣೇ,” ಎಂದಿತು ಆ ಕಡೆಯ ದನಿ. ಫೋನ್ ಕಟ್ಟಾಯಿತು.

ಆ ಹೊತ್ತಿಗೆ ಯೋಗೇಂದ್ರ, ಗಿರಣಿಯ ಬೋರ್ಡಿನಲ್ಲಿ ಓದಿದ್ದ ಕೊಳ್ಳೇಗಾಲದಲ್ಲಿ ಬಸ್ಸಿಳಿದು, ಇಬ್ಬರನ್ನು ದಾರಿ ಕೇಳಿ, ಹಿಟ್ಟಿನ ಗಿರಣಿಯ ಎದುರಿನ ಮನೆಯ ಕದ ತಟ್ಟುತ್ತಿದ್ದ.

ಕದ ತೆರೆದ ಹೇಮಶ್ರೀ ಕಿರುಚಲಿಲ್ಲ. ಮಗಳನ್ನು ಬೆನ್ನ ಹಿಂದಕ್ಕೆ ನೂಕಿ, ಅವನು ಕೈ ಎತ್ತುವ ಮೊದಲೇ ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡಳು.